ಕಂಸಾಳೆಯ ಹಿಂದೆ ಓಡಿದ ಲ್ಯಾಪ್‌ಟಾಪ್

ಗುಂಡ್ಲುಪೇಟೆಯ ಒಬ್ಬ ಲ್ಯಾಪ್‌ಟಾಪ್ ಸಂಗೀತಗಾರ ಈರುಳ್ಳಿ ಹರಾಜಿನ ಕೂಗನ್ನೂ ಲಾರಿಯ ಹಾರ್ನ್ ಸದ್ದನ್ನೂ ತಾಳಕ್ಕೆ ಕೂರಿಸುತ್ತಿದ್ದ. ಅದನ್ನು ವೇದಿಕೆಗೆ ತರಲು ಉಮ್ಮತ್ತೂರಿನ ಕಂಸಾಳೆ ಕುಣಿತದವರನ್ನು ಕರೆಸಿದ. ಬೆಳಕಿನ ಕೆಲಸ ನನ್ನದು. ಮಾತಾಡುವಾಗಲೂ ಅವನ ಹೆಬ್ಬೆರಳು ತೊಡೆಯ ಮೇಲೆ ತಾಳ ಹಾಕುತ್ತಿತ್ತು. ತಪ್ಪಾದಾಗಲೆಲ್ಲ ಯಂತ್ರ ನಿಲ್ಲಿಸಿ ಒಂದೇ ಮಾತು ಹೇಳುತ್ತಿದ್ದ: "ಇನ್ನೊಂದ್ಸಲ ನೋಡನ."

ನನ್ನ ದಿನಚರಿಯ ಪ್ರಕಾರ ಚಾಮರಾಜನಗರದ ಪ್ರದರ್ಶನಕ್ಕೆ ಮುಂಚೆ ಒಂಬತ್ತು ತಾಲೀಮು ನಡೆದವು. ಒಂಬತ್ತರಲ್ಲೂ ಕುಣಿತ ಮುಂದೆ ಓಡಿತು, ಯಂತ್ರದ ತಾಳ ಹಿಂದುಳಿಯಿತು. ಹುರುಪೇರಿದಂತೆ ವೇಗ ಹೆಚ್ಚಿಸುವುದು ಕಂಸಾಳೆಯವರ ರೂಢಿ.

"ಒಸಿ ನಿಧಾನ ಕುಣೀರಣ್ಣ," ಅಂದ.

ತಂಡದ ಹಿರಿಯರೊಬ್ಬರು ನಕ್ಕರು. "ಮೈ ಬಿಸಿಯಾದ್ಮೇಲೆ ಕಾಲು ನಿಂತದಾ? ನಿನ್ ಪೆಟ್ಗೆಗೇ ಓಡಕ್ ಕಲ್ಸು. ಚಾಮರಾಜನಗರದಲ್ಲೂ ಹಿಂಗೇ ನಿಲ್ಸುದ್ರೆ ಇನ್ ನಾವು ಬರಕಿಲ್ಲ ಕಣ್ಲಾ."

ಚಾಮರಾಜನಗರದ ಪ್ರದರ್ಶನದಲ್ಲಿ ಮೂರನೇ ನಿಮಿಷಕ್ಕೇ ಕಾಲುಗಳು ಓಡತೊಡಗಿದವು. ಈ ಸಲ ಅವನು ಕುಣಿತವನ್ನು ತಡೆಯಲಿಲ್ಲ. ಸಿದ್ಧಪಡಿಸಿದ್ದ ತಾಳವನ್ನೇ ಬಿಟ್ಟು, ಲ್ಯಾಪ್‌ಟಾಪಿನ ಪರದೆಯನ್ನು ಅತ್ತ ತಿರುಗಿಸಿ, ಹಿರಿಯರ ಪಾದ ನೋಡುತ್ತಾ ಸದ್ದು ಹೊರಡಿಸುವ ಪ್ಯಾಡಿನ ಮೇಲೆ ಬೆರಳಿನಿಂದಲೇ ತಾಳ ಬಡಿದ. ಹರಾಜಿನ ಕೂಗು ಕಂಸಾಳೆಯ ಜೊತೆಜೊತೆಗೇ ಓಡಿತು. ನನ್ನ ದೀಪಗಳೂ ಓಡಿದವು.

ಮುಗಿದಾಗ ಹಿರಿಯರು ಬೆವರೊರೆಸಿಕೊಳ್ಳುತ್ತಾ ಅವನ ಮುಂದೆ ಬಂದು ನಿಂತರು.

"ಇನ್ನೊಂದ್ಸಲ ನೋಡನ ಕಣ್ಲಾ," ಅಂದರು.