ಎರಡು ಹಿಡಿಕೆಯ ಪೆಟ್ಟಿಗೆ

ನವೆಂಬರ್ ತಿಂಗಳ ಎರಡನೆಯ ಮಂಗಳವಾರ, ಬೆಳಿಗ್ಗೆ ಏಳು ಗಂಟೆ. ಸ್ಥಳ: ಮುನವಳ್ಳಿಯಲ್ಲಿ ನನ್ನ ಮನೆಯ ಪಡಸಾಲೆ. ಹಾಜರಿದ್ದವರು: ನಾನು, ನನ್ನ ಅಕ್ಕ, ಮತ್ತು ನಮ್ಮಿಬ್ಬರ ನಡುವೆ ಮೂರನೆಯ ಮುದುಕಿಯ ಹಾಗೆ ಕುಳಿತಿದ್ದ, ಮೀನು ಹಿಡಿಯುವ ಸಾಮಾನಿನ ತಗಡಿನ ಪೆಟ್ಟಿಗೆ.

ಆಸ್ಪತ್ರೆಯಲ್ಲಿ ನರ್ಸ್ ಆಗಿ ಆಯುಷ್ಯ ಕಳೆದವಳಿಗೆ ಏನು ಬರೆಯಲು ಕುಳಿತರೂ ಮೊದಲು ವಾರ, ವೇಳೆ, ಹಾಜರಿ ಬರೆಯದೆ ಕೈ ಮುಂದೆ ಓಡುವುದಿಲ್ಲ. ಓದುವ ನೀವು ಇದನ್ನು ಸಹಿಸಿಕೊಳ್ಳಬೇಕು. ನಮ್ಮ ಮನೆಯವರೆಲ್ಲ ಸಹಿಸಿಕೊಂಡಿದ್ದಾರೆ, ಅವರಿಗೆ ಬೇರೆ ದಾರಿ ಇರಲಿಲ್ಲ.

ಮುಚ್ಚಳ ತೆಗೆದ ಕೂಡಲೇ ವಾಸನೆ ಬಂತು. ಶೇಂಗಾ ಹಿಂಡಿ, ಸ್ಪಿರಿಟ್ಟು, ಮೊಣಕಾಲಿಗೆ ಹಚ್ಚುವ ಮುಲಾಮು, ಎಂದೋ ಹಿಡಿದ ಮೀನು, ಎಲ್ಲ ಸೇರಿದ ವಾಸನೆ. ನನಗೆ ಅದು ಬುಧವಾರದ ವಾಸನೆ. ನಾವು ಹೊಳೆಗೆ ಹೋಗುವುದು ಬುಧವಾರ ಮಾತ್ರ. ಮಂಗಳವಾರ ಮತ್ತು ಶುಕ್ರವಾರ ಯಲ್ಲಮ್ಮನ ವಾರ, ಮನೆಯಲ್ಲಿ ಮೀನು ಬೇಯುವುದಿಲ್ಲ. ಸೋಮವಾರ ಅಕ್ಕನ ಮಗನ ಉಪವಾಸ. ರವಿವಾರ ದಂಡೆಯ ತುಂಬ ತಮ್ಮ ಮುಖವನ್ನೇ ತಾವು ಫೋಟೊ ಹಿಡಿಯುವ ಜನ. ಅವರ ಸದ್ದಿಗೆ ಮಲಪ್ರಭೆಯ ಮೀನುಗಳೆಲ್ಲ ರಾಮದುರ್ಗದ ಕಡೆಗೆ ವಲಸೆ ಹೋಗುತ್ತವೆ. ಉಳಿದ ದಿನಗಳಲ್ಲಿ ಬುಧವಾರವೇ ಹೆಚ್ಚು ಶಿಸ್ತಿನ ದಿನವೆಂದು ನಾನು ತೀರ್ಮಾನಿಸಿದೆ. ಹೇಗೆ ಎಂದು ಅಕ್ಕ ಕೇಳಿದ್ದಳು. ಹಿರಿಯರಾದವರು ಎಲ್ಲ ಪ್ರಶ್ನೆಗೂ ಉತ್ತರ ಕೊಡಬೇಕಾಗಿಲ್ಲ. ಅಕ್ಕ ನನಗಿಂತ ಹಿರಿಯಳು ಎಂಬುದು ಬೇರೆ ವಿಷಯ.

ಈ ದಿನ ಪೆಟ್ಟಿಗೆ ಬಿಚ್ಚಿದ್ದು ಮೀನಿಗಾಗಿ ಅಲ್ಲ, ಶೋಭಾಳ ಆಜ್ಞೆಯಂತೆ. ಶೋಭಾ ಅಕ್ಕನ ಸೊಸೆ, ಹಿಂದಿನ ಓಣಿಯಲ್ಲಿ ಅವರ ಮನೆ. ಕಳೆದ ಬುಧವಾರ ದಂಡೆಯ ಇಳಿಜಾರಿನಲ್ಲಿ ಅಕ್ಕ ಜಾರಿ ಕೆಸರಿನಲ್ಲಿ ಕುಳಿತಳು. ಅವಳ ಒಂದು ಕಣ್ಣಿನ ಪೊರೆ ತೆಗೆದಾಗಿದೆ, ಆದರೂ ನೋಟ ಮಸುಕೇ. ಇನ್ನೊಂದರಲ್ಲಿ ಬೆಳಕು ಇದೆಯೋ ಇಲ್ಲವೋ ಎಂಬಷ್ಟೇ ತಿಳಿಯುತ್ತದೆ. ಸಮನೆಲ ಎಲ್ಲಿ ಮುಗಿದು ಇಳಿಜಾರು ಎಲ್ಲಿ ಶುರುವಾಗುತ್ತದೆ ಎಂಬುದು ಕಾಣುವುದಿಲ್ಲ. ನಾನು ಪಕ್ಕದಲ್ಲೇ ಇದ್ದೆ, ಎರಡೂ ಕೈಯಲ್ಲಿ ಪೆಟ್ಟಿಗೆ ಹಿಡಿದುಕೊಂಡು. ಮೂಳೆಗೆ ಏನೂ ಆಗಲಿಲ್ಲ. ಅಲ್ಲಿಯೇ ಮುಟ್ಟಿ ಮುಟ್ಟಿ ಪರೀಕ್ಷೆ ಮಾಡಿದೆ. ಆದರೆ ಸೀರೆಯ ಹಿಂಭಾಗದ ಕೆಸರನ್ನು ಶೋಭಾ ಕಂಡಳು.

"ನಾ ಏನ ಬಿದ್ದಿಲ್ಲವಾ, ಕುಂತೇನಿ," ಎಂದಳು ಅಕ್ಕ.

"ಕೆಸರಾಗ ಯಾರ ಕುಂದ್ರತಾರ್ರಿ ಅತ್ತಿ?" ಎಂದು ಶೋಭಾ ನನ್ನ ಕಡೆ ತಿರುಗಿದಳು. "ಸಣ್ಣತ್ತಿ, ನಿಮ್ಮ ಎರಡೂ ಕೈಯಾಗ ಪೆಟಗಿ ಇರತೈತಿ. ನಮ್ಮ ಅತ್ತಿ ಕೈ ಯಾರ ಹಿಡಿಬೇಕ್ರಿ? ಒಂದ ಕೈ ಅವರಿಗೆ ಕೊಡೋದಾದ್ರ ಹೋಗ್ರಿ. ಇಲ್ಲಾಂದ್ರ ಇಬ್ರೂ ಮನ್ಯಾಗ ಕುಂತ ಟೀವಿ ನೋಡ್ರಿ."

ಟೀವಿಯ ಹೆಸರು ಹೇಳಿ ಹೆದರಿಸುವುದನ್ನು ಅವಳು ಎಲ್ಲಿ ಕಲಿತಳೋ. ಇಡೀ ವಾರ್ಡನ್ನು ಒಂದು ನೋಟದಿಂದ ಸುಮ್ಮನಾಗಿಸುತ್ತಿದ್ದ ನಾನು, "ಆತವಾ," ಎಂದು ಬಂದೆ.

ಮಾತು ಸರಿಯಾಗಿಯೇ ಇತ್ತು. ತಪ್ಪು ಪೆಟ್ಟಿಗೆಯದು. ಅದಕ್ಕೆ ಎಡಕ್ಕೊಂದು, ಬಲಕ್ಕೊಂದು ಹಿಡಿಕೆ. ಒಂದೇ ಹಿಡಿದು ಎತ್ತಿದರೆ ಒಳಗಿನ ಸಾಮಾನೆಲ್ಲ ಒಂದು ಮೂಲೆಗೆ ಉರುಳುತ್ತದೆ. ನನ್ನ ಭುಜವೂ ಆ ಕಡೆಗೇ ಉರುಳುತ್ತದೆ. ನಿವೃತ್ತಿಯಾದ ವರ್ಷ ಬೈಲಹೊಂಗಲದ ತಗಡಿನ ಅಂಗಡಿಯಲ್ಲಿ, ಖಾನೆ ಖಾನೆಯ ಚಿತ್ರ ಬರೆದುಕೊಟ್ಟು, ನಿಂತು ಮಾಡಿಸಿದ್ದು. ಅಂಗಡಿಯ ಮಕಬೂಲಸಾಹೇಬರು ಚಿತ್ರವನ್ನು ಉದ್ದಕ್ಕೂ ಅಡ್ಡಕ್ಕೂ ತಿರುಗಿಸಿ ನೋಡಿ, "ಬಾಯಾರ, ಮೀನಾ ಹಿಡಿಯಾಕ ಹೊಂಟೀರೋ, ದವಾಖಾನಿ ತೆಗಿಯಾಕ ಹೊಂಟೀರೋ?" ಎಂದು ಕೇಳಿದ್ದರು. ಅವರಿಗೆ ವ್ಯವಸ್ಥೆಯ ಮಹತ್ವ ತಿಳಿಯದು ಎಂದುಕೊಂಡೆ. ಈಗ ನೋಡಿದರೆ ಅವರ ಪ್ರಶ್ನೆಗೆ ಅರ್ಥವಿತ್ತು.

ಅದನ್ನು ಊರಿಗೆ ತಂದ ದಿನದ ಕಥೆಯನ್ನೂ ಹೇಳಿಬಿಡಬೇಕು. ಧೂಳು ತಾಗಬಾರದೆಂದು ಹೊಸ ಪೆಟ್ಟಿಗೆಗೆ ಕೆಂಪು ಬಟ್ಟೆ ಸುತ್ತಿ, ತೊಡೆಯ ಮೇಲಿಟ್ಟುಕೊಂಡು, ಅಕ್ಕನ ಜೊತೆ ಸವದತ್ತಿಯ ಬಸ್ಸಿನಲ್ಲಿ ಕುಳಿತಿದ್ದೆ. ಹುಣ್ಣಿಮೆ ಹತ್ತಿರವಿತ್ತು, ಬಸ್ಸಿನ ತುಂಬ ಯಲ್ಲಮ್ಮನ ಗುಡ್ಡಕ್ಕೆ ಹೊರಟ ಭಕ್ತರು. ದೊಡವಾಡದ ಕಡೆಯ ಒಬ್ಬ ಅಜ್ಜಿ ಬಹಳ ಹೊತ್ತು ಪೆಟ್ಟಿಗೆಯನ್ನೇ ನೋಡಿದಳು. ಆಮೇಲೆ ಎದ್ದು ಬಂದು, ಬಟ್ಟೆ ಸರಿಸಿ, ಮುಚ್ಚಳದ ಮೇಲೆ ಒಂದು ಹಿಡಿ ಭಂಡಾರದ ಅರಿಸಿನ ಹಾಕಿ, ಹಣೆ ಮುಟ್ಟಿಸಿ, "ಉಧೋ ಉಧೋ" ಎಂದಳು. ಅವಳ ಹಿಂದೆ ನಾಲ್ಕು ಜನ ಎದ್ದರು. ದೇವಿಯನ್ನು ಗುಡ್ಡಕ್ಕೆ ಕರೆದೊಯ್ಯುತ್ತಿದ್ದೇವೆ ಎಂದು ಅವರು ತಿಳಿದಿದ್ದರು. ಗಾಳ, ಸೀಸದ ಗುಂಡು ಎಂದು ಹೇಳಲು ನಾನು ಬಾಯಿ ತೆರೆದೆ. ಅಕ್ಕ ನನ್ನ ಪಾದವನ್ನು ತುಳಿದಳು. "ಅಕಿ ಮನಸ್ಸಿಗೆ ಯಾಕ ನೋವ ಮಾಡತಿ? ತಾಯಿ ಎಲ್ಲಾ ಕಡೆ ಅದಾಳ," ಎಂದು ಕಿವಿಯಲ್ಲಿ ಹೇಳಿ, ಸವದತ್ತಿ ಬರುವವರೆಗೂ ಪೂಜಾರಿಣಿಯ ಗಾಂಭೀರ್ಯದಿಂದ ಕುಳಿತಳು. ಕಿಟಕಿಯ ಪಕ್ಕದ ಸೀಟನ್ನೂ ಗಳಿಸಿದಳು. ಆ ಹಳದಿ ಇಂದಿಗೂ ಮುಚ್ಚಳದ ಕೀಲಿನ ಸಂದಿಯಲ್ಲಿ ಇದೆ. ಎಲ್ಲವನ್ನೂ ತಿಕ್ಕಿ ತೊಳೆಯುವ ನಾನು ಅದೊಂದನ್ನು ಮಾತ್ರ ತೊಳೆದಿಲ್ಲ.

ಸರಿ, ಒಳಗೆ ಏನಿತ್ತು? ಗಾಳ ಕಟ್ಟುವ ತಂಗೂಸಿ, ಅಂದರೆ ನೈಲಾನ್ ದಾರ, ತೆಳ್ಳಗಿನದು, ದಪ್ಪದ್ದು, ಅವೆರಡೂ ತುಂಡಾದರೆ ಇರಲಿ ಎಂದು ಇನ್ನೊಂದು. ಕಿತ್ತೂರಿನ ಕಡೆ ಇರುವ ತಂಗಿಯ ಮಗ ತಂದುಕೊಟ್ಟ ಪ್ಲಾಸ್ಟಿಕ್ಕಿನ ಬಣ್ಣದ ಮೀನುಗಳು. ಅವನ್ನು ಕಂಡು ಇದುವರೆಗೆ ಹತ್ತಿರ ಬಂದ ಪ್ರಾಣಿಯೆಂದರೆ ಒಂದು ಬೆಕ್ಕು. ಗಾಳ ಬಿಡಿಸುವ ಚಿಮಟ, ಹತ್ತಿ, ಪಟ್ಟಿ, ಕತ್ತರಿ, ಸೀಟಿ, ಟಾರ್ಚು, ಮಳೆಯಂಗಿ, ಎತ್ತಿನ ಕೊರಳಿನ ಗೆಜ್ಜೆ. ಕೋಲಿನ ತುದಿಗೆ ಗೆಜ್ಜೆ ಕಟ್ಟಿದರೆ ಮೀನು ಎಳೆದಾಗ ಸದ್ದಾಗಬೇಕು ಎಂಬುದು ನನ್ನ ಯೋಜನೆ. ಗಾಳಿಗೂ ಸದ್ದಾಯಿತು, ಎತ್ತು ಬಂತೆಂದು ದಂಡೆಯವರೆಲ್ಲ ತಿರುಗಿ ನೋಡಿದರು. ನಾವು ಸಾಮಾನ್ಯವಾಗಿ ಹಿಡಿಯುವುದು ಜಿಲೇಬಿ ಎಂದು ನಮ್ಮ ಕಡೆ ಕರೆಯುವ, ಅಂಗೈ ಅಗಲದ ಮೀನು. ಆ ಮೀನಿಗೆ ಗಾಳ ಚುಚ್ಚಿ ಮೂರ್ಛೆ ಬಂದರೂ ಉಪಚಾರ ಮಾಡಿ, ಮನೆಗೆ ಕಳಿಸಿಕೊಡುವಷ್ಟು ಸಾಮಾನು ನನ್ನ ಬಳಿ ಇತ್ತು.

ಅಕ್ಕನ ಬಳಿ ಏನಿರುತ್ತದೆ ಗೊತ್ತೇ? ಕಾಲು.

ಇದು ಹಳೆಯ ಕಥೆ. ಅಕ್ಕ ಈ ಊರಿಗೆ ಸೊಸೆಯಾಗಿ ಬಂದಾಗ ಅವಳ ಅತ್ತೆ ಹಾಕಿದ ಕಟ್ಟಳೆ ನೇರವಾಗಿತ್ತು. "ಸೊಸಿ ಹೊಳಿ ದಂಡಿ ಮ್ಯಾಲ ಸುಮ್ಮನ ಕುಂದ್ರಬಾರದು. ಕುಂತ್ರ ಅರಿಬಿ ಒಗಿಬೇಕು." ನಮ್ಮ ತವರಿನ ಹಳ್ಳದಲ್ಲಿ ಹುಡುಗರಿಗೆ ಸಮನಾಗಿ ಮೀನು ಹಿಡಿದವಳು ಅವಳು. ಸರಿ, ಬಟ್ಟೆ ಒಗೆಯಲು ಹೋದಳು. ದಿನಾಲೂ ಹೋದಳು. ಒಗೆಯುವ ಕಲ್ಲಿನ ಮೇಲೆ ನಿಂತು, ತಂಗೂಸಿಯ ಒಂದು ತುದಿಯನ್ನು ಕಾಲಿನ ಹೆಬ್ಬೆರಳಿಗೆ ಸುತ್ತಿ, ಗಾಳದ ತುದಿಯನ್ನು ನೀರಿಗೆ ಬಿಟ್ಟು, ಕೈಯಿಂದ ಬಟ್ಟೆ ಕುಕ್ಕುತ್ತಿದ್ದಳು. ಬೆರಳು ಜಗ್ಗಿದರೆ ಮೀನು. ಊರಿನಲ್ಲಿ ಅಷ್ಟು ಸ್ವಚ್ಛ ಬಟ್ಟೆ ತೊಟ್ಟ ಮನೆತನ ಇನ್ನೊಂದಿರಲಿಲ್ಲ. ತೊಳೆದದ್ದನ್ನೇ ತಂದು ತೊಳೆಯುತ್ತಿದ್ದಳು. ಬಲೆ ಹಾಕುವವರು ಕೊಟ್ಟರೆಂದು ಹೇಳಿ ತಂದ ಮೀನನ್ನು ಅತ್ತೆ ಬೆರಳು ನೆಕ್ಕಿ ಉಣ್ಣುತ್ತಿದ್ದರು. ಒಮ್ಮೆ ರೋಹು ಮೀನೊಂದು ಎಂಥ ಜಗ್ಗು ಜಗ್ಗಿತೆಂದರೆ, ಅಕ್ಕ ಅದನ್ನು ಹಿಡಿಯಲು ಬಾಗಿದಾಗ ಕೈಯಲ್ಲಿದ್ದ ಭಾವನವರ ಧೋತರ ಹೊಳೆಯ ಪಾಲಾಯಿತು.

"ಧೋತರ ಹೋತು, ರೋಹು ಬಂತು. ನಿಮ್ಮ ಭಾವ ಎರಡ ದಿನ ಮಾತಾಡಲಿಲ್ಲ. ಸಾರ ಮಾತ್ರ ಎರಡ ಸಲ ಹಾಕಿಸಿಕೊಂಡ್ರು," ಎಂದು ಅವಳು ಇಂದಿಗೂ ಹೇಳುತ್ತಾಳೆ. ಪ್ರತಿ ಸಲ ಹೇಳುವಾಗಲೂ ಆ ರೋಹು ಗೇಣಷ್ಟು ಬೆಳೆದಿರುತ್ತದೆ.

ಈಗಲೂ ಅವಳು ಹಾಗೆಯೇ. ಕಲ್ಲಿನ ಮೇಲೆ ಕುಳಿತು, ದಾರವನ್ನು ಹೆಬ್ಬೆರಳಿಗೆ ಸುತ್ತಿ, ಕಣ್ಣು ಮುಚ್ಚುತ್ತಾಳೆ. ಹೊಳೆಯಲ್ಲಿ ಅವಳಿಗೆ ಕಣ್ಣು ಬೇಕಾಗಿಲ್ಲ. ವಾರವಿಡೀ ಗೋಡೆ ತಡವರಿಸುತ್ತ, "ಯಾರದು?" ಎಂದು ಕೇಳುತ್ತ ತಿರುಗುವ ಅಕ್ಕ, ಆ ಕಲ್ಲಿನ ಮೇಲೆ ಮಾತ್ರ ಯಾರನ್ನೂ ಏನನ್ನೂ ಕೇಳುವುದಿಲ್ಲ. ಆದರೆ ಕಲ್ಲಿಗೆ ಹೋಗುವ ಇಳಿಜಾರು ಇದೆಯಲ್ಲ, ಅದನ್ನು ಇಳಿಯಲು ಒಂದು ಕೈ ಬೇಕು. ಇಷ್ಟೇ ನಮ್ಮ ಸಮಸ್ಯೆ. ಬುಧವಾರ ಉಳಿಯಬೇಕೆಂದರೆ ಪೆಟ್ಟಿಗೆ ಹೋಗಬೇಕು.

ಹಾಗಾದರೆ ಪೆಟ್ಟಿಗೆಯ ಸಾಮಾನು ಕಡಿಮೆ ಮಾಡಲು ಅಕ್ಕ ಸಂತೋಷದಿಂದ ಒಪ್ಪಿದಳು ಎಂದುಕೊಂಡಿರೇನು? ನಿಮಗೆ ಅಕ್ಕಂದಿರಿಲ್ಲವೆಂದು ಕಾಣುತ್ತದೆ. ನಾನು ಬದಿಗಿಟ್ಟ ಒಂದೊಂದನ್ನೂ ಅವಳು ಕೈಯಿಂದ ಮುಟ್ಟಿ ಗುರುತಿಸಿ ಮರಳಿ ಒಳಗಿಟ್ಟಳು.

"ಮುಲಾಮು ಯಾಕ ತೆಗದಿ? ನನ್ನ ಮೊಣಕಾಲಿಗೆ ಬೇಕು."

"ಮನ್ಯಾಗ ಹಚ್ಚಿಕೊಂಡ ಬಾ."

"ಎಲಿ-ಅಡಕಿ ಚಂಚಿ?"

"ಅದನ್ನ ನಿನ್ನ ಸೊಂಟಕ್ಕ ಸಿಗಿಸ್ಕೋ."

"ಚಾದ ಫ್ಲಾಸ್ಕು? ಕುಂದ್ರೋ ದಿಂಬು? ನನ್ನ ಕಣ್ಣಿನ ಹಳೀ ಚಾಳೀಸು?"

ಆಗ ನನಗೆ ಅರ್ಥವಾಯಿತು. ಇಷ್ಟು ವರ್ಷ ನಾನು ಹೊತ್ತದ್ದರಲ್ಲಿ ಅರ್ಧದಷ್ಟು, ಏನೂ ಬೇಡವೆಂದು ಬರಿಗೈ ಬೀಸಿಕೊಂಡು ಬರುತ್ತಿದ್ದ ಈ ಮಹಾತಾಯಿಯ ಸಂಸಾರ.

"ಅಕ್ಕಾ, ಇದು ನನ್ನ ಪೆಟಗಿಯೋ, ನಿನ್ನದೋ?"

"ನರ್ಸಬಾಯಿ ಪೆಟಗಿ. ನಾ ಪೇಶಂಟ," ಎಂದಳು, ಸ್ವಲ್ಪವೂ ನಾಚಿಕೆಯಿಲ್ಲದೆ.

ಉಗುರು ಕತ್ತರಿ ಕೈಗೆ ಬಂತು. ಅದನ್ನು ಮಾತ್ರ ಅವಳು ಮುಟ್ಟಲಿಲ್ಲ. "ಇವತ್ತ ಮಂಗಳವಾರ. ಅದನ್ನ ಹೊರಗ ತೆಗಿಬ್ಯಾಡ."

ಉಗುರಿನ ವಿಷಯ ಬಂದದ್ದರಿಂದ ಒಂದು ಮಾತು. ನಾನು ಕಲಿಯುವಾಗ ನಮ್ಮ ಮೇಟ್ರನ್ ಬೆಳಿಗ್ಗೆ ಸಾಲಾಗಿ ನಿಲ್ಲಿಸಿ ಎಲ್ಲರ ಉಗುರು ನೋಡುತ್ತಿದ್ದರು. ಚುಚ್ಚುವುದು ಸೂಜಿಯ ಕೆಲಸ, ಬೆರಳಿನದಲ್ಲ ಎನ್ನುತ್ತಿದ್ದರು. ನಿವೃತ್ತಿಯಾದ ಮೇಲೆ ನಾನು ಬಿಟ್ಟುಕೊಟ್ಟ ಒಂದೇ ಒಂದು ಶಿಸ್ತು ಅದು. ಬಲಗೈಯ ಉಗುರುಗಳನ್ನು ಉದ್ದ ಬೆಳೆಸಿದೆ. ತಂಗೂಸಿ ಗಂಟು ಬಿದ್ದರೆ ಚಿಮಟದಿಂದ ಬಿಡಿಸಲಾಗದು, ಉಗುರೇ ಬೇಕು. ದಂಡೆಯ ಮೇಲೆ ಬೇರೆಯವರೂ ಗಂಟಾದ ದಾರ ಹಿಡಿದು ನನ್ನ ಬಳಿ ಬರುತ್ತಾರೆ. ಹಿಡಿದ ಮೀನು ತೋರಿಸಿ ಹೊಗಳಿಸಿಕೊಳ್ಳುವ ಯೋಗ ನನಗಿಲ್ಲ. ನನ್ನ ಕೀರ್ತಿ ಏನಿದ್ದರೂ ಉಗುರಿನ ತುದಿಯಲ್ಲಿ.

ಮಧ್ಯಾಹ್ನದ ಹೊತ್ತಿಗೆ ಜಗಳ ಮುಗಿಯಿತು. ಭುಜಕ್ಕೆ ಹಾಕುವ ಒಂದು ಬಟ್ಟೆಯ ಚೀಲದಲ್ಲಿ ಉಳಿದದ್ದು ಇಷ್ಟು: ಒಂದು ಸುರುಳಿ ತಂಗೂಸಿ, ಔಷಧದ ಹಳೆಯ ಡಬ್ಬಿಯಲ್ಲಿ ಗಾಳ ಮತ್ತು ಸೀಸದ ಗುಂಡು, ಬೆಂಡು, ಚಾಕು, ಚಿಮಟ, ಪಟ್ಟಿ, ನೀರು. ಗೆಜ್ಜೆ ಬಿಡುವಾಗ ಸಂಕಟವಾಯಿತು. ಫ್ಲಾಸ್ಕನ್ನು ಅಕ್ಕ ಯಾವಾಗ ತೂರಿಸಿದಳೋ ತಿಳಿಯದು, ಕಂಡೂ ಕಾಣದಂತಿದ್ದೆ.

ಬರಿದಾದ ಪೆಟ್ಟಿಗೆಯನ್ನು ಶೋಭಾಳಿಗೆ ಕೊಟ್ಟೆ, ಉಳ್ಳಾಗಡ್ಡಿ ತುಂಬಲು. ಅವಳು ಮುಚ್ಚಳ ತೆರೆದಳು, ಕೀಲಿನ ಹಳದಿ ಕಂಡಳು, ಬೆರಳಿಂದ ಮುಟ್ಟಿ ಕಣ್ಣಿಗೆ ಒತ್ತಿಕೊಂಡಳು. "ಭಂಡಾರ ಐತಲ್ರಿ ಸಣ್ಣತ್ತಿ! ಇದರಾಗ ಉಳ್ಳಾಗಡ್ಡಿ ಹಾಕ್ತಾರೇನ್ರಿ?" ಎಂದು ತೊಳೆಯದೆಯೇ ಒಯ್ದು ದೇವರ ಜಗಲಿಯ ಪಕ್ಕ ಇಟ್ಟಳು. ಈಗ ಅದರಲ್ಲಿ ಊದುಬತ್ತಿ, ಬತ್ತಿಯ ಹತ್ತಿ ಇವೆ. ನನ್ನ ಪೆಟ್ಟಿಗೆಗೆ ಬಸ್ಸಿನಲ್ಲಿ ಸಿಕ್ಕ ಪದವಿ ಕೊನೆಗೆ ಖಾಯಂ ಆಯಿತು. ನನಗೆ ಬಡ್ತಿ ಸಿಗಲು ಇದಕ್ಕಿಂತ ಹೆಚ್ಚು ವರ್ಷ ಹಿಡಿದಿತ್ತು.

ಸಂಜೆ ಶೋಭಾಳ ಮುಂದೆ ಪರೀಕ್ಷೆ. ಅವರ ಮನೆಯ ಮಾಳಿಗೆಯ ಮೆಟ್ಟಿಲು ಇಳಿದು ತೋರಿಸಬೇಕು. ಎಡಭುಜಕ್ಕೆ ಚೀಲ ಹಾಕಿಕೊಂಡು ಬಲಗೈ ಚಾಚಿ ನಿಂತೆ. ಅಕ್ಕ ಕೈ ಕೊಡಲಿಲ್ಲ.

"ನನಗ್ಯಾಕ ಕೈ? ನಾ ಏನ ಕೂಸೇನು?"

"ನೀ ಕೂಸಲ್ಲ ಬಿಡವಾ. ನನಗ ಮೆಟ್ಟಲ ಇಳಿಯಾಕ ಹೆದರಿಕಿ."

ಅವಳು ನಕ್ಕಳು. ಸುಳ್ಳೆಂದು ಇಬ್ಬರಿಗೂ ಗೊತ್ತು. "ಮೊದಲ ಹಂಗ ಹೇಳಬಾರದೇನು?" ಎಂದು ಕೈ ಹಿಡಿದಳು. ಸುಮ್ಮನೆ ಹಿಡಿಯಲಿಲ್ಲ, ಬಿಗಿಯಾಗಿ, ಪೂರ್ತಿ ಭಾರ ಹಾಕಿ ಹಿಡಿದಳು. ಇಷ್ಟು ದಿನ ಇಳಿಜಾರಿನಲ್ಲಿ ಈ ಭಾರವನ್ನು ಅವಳು ಎಲ್ಲಿ ಇಡುತ್ತಿದ್ದಳು ಎಂದು ಮೊದಲ ಬಾರಿಗೆ ಯೋಚಿಸಿದೆ.

ಕೆಳಗೆ ಬಂದೆವು. ಶೋಭಾ ಒಪ್ಪಿಗೆಯೆಂದು ತಲೆಯಾಡಿಸಿದಳು. ಅಕ್ಕ ಕೈ ಬಿಡಿಸಿಕೊಂಡು ಅಂಗೈ ಉಜ್ಜಿಕೊಂಡಳು.

"ಎಲ್ಲಾ ಚಲೋ ಐತಿ. ನಿನ್ನ ಉಗುರ ಮಾತ್ರ ಚುಚ್ಚತಾವ."

ಮನೆಗೆ ಬಂದು ದೀಪ ಹಚ್ಚಿದೆ. ಜೋಳದ ಹಿಟ್ಟು ಹುರಿದು, ಶೇಂಗಾ ಹಿಂಡಿ ಬೆರೆಸಿ, ನಾಳೆಯ ಗಾಳಕ್ಕೆ ಉಂಡೆ ಕಟ್ಟಿ ಹಸಿ ಬಟ್ಟೆಯಲ್ಲಿ ಸುತ್ತಿಟ್ಟೆ. ಚೀಲವನ್ನು ಗೂಟಕ್ಕೆ ಹಾಕಿದೆ. ಆಮೇಲೆ, ಮಂಗಳವಾರ, ಅದೂ ದೀಪ ಹಚ್ಚಿದ ಮೇಲೆ, ಅಕ್ಕನಿಗೆ ಗೊತ್ತಾದರೆ ಓಣಿಯವರೆಲ್ಲ ಎದ್ದು ಬರುವಂತೆ ಕೂಗುವ ಕೆಲಸವನ್ನು, ಹಿತ್ತಲ ಬಾಗಿಲು ಮುಚ್ಚಿಕೊಂಡು ಮಾಡಿದೆ. ಬಲಗೈಯ ಐದೂ ಉಗುರು ಕತ್ತರಿಸಿದೆ, ಅಂಚುಗಳನ್ನು ಉಜ್ಜಿ ನುಣ್ಣಗೆ ಮಾಡಿದೆ, ನನ್ನದೇ ಕೆನ್ನೆಗೆ ತಾಗಿಸಿ ನೋಡಿದೆ. ಚುಚ್ಚಲಿಲ್ಲ.