ಮರದ ಕೆಳಗೆ ಹುಲಿ, ಟ್ರೆಂಚಿನಾಚೆ ಜಮೀನು

ಮೈ ಜುಮ್ಮೆನ್ನುವ ಕತೆಯನ್ನು ಪಾಠ ಮಾಡುವುದು ಹೇಗೆಂದು ಯಾರಾದರೂ ಹೇಳಿಕೊಡಿ ಗೆಳೆಯರೇ. ಇವತ್ತು ಒಂಬತ್ತನೇ ತರಗತಿಯಲ್ಲಿ ನನ್ನ ಮಾನ ಹೋಯಿತು.

ದೊಡ್ಡ ಜೇನಿನ ಆಸೆಗೆ ಒಬ್ಬನೇ ಕಾಡಿಗೆ ಹೋದವನ ಕತೆ. ಅವನು ಮರದ ಮೇಲೆ, ಹುಲಿ ಕೆಳಗೆ, ಕೊಂಬೆ ಲಟಲಟ ಅನ್ನುತ್ತಿದೆ. ಅಲ್ಲಿಗೆ ಪುಸ್ತಕ ಮುಚ್ಚಿ, ದನಿ ತಗ್ಗಿಸಿ, "ಈಗ ಇವನ ಗತಿ ಏನು?" ಎಂದೆ. ಮಕ್ಕಳು ಬೆವರಲಿ ಎಂದು ಕಾದೆ.

ಕಾಡಿನ ಪಕ್ಕದ ಹಂಗಳದಿಂದ ಬರುವ ಮಂಜುಳಾ ಎದ್ದಳು. "ಸಾರ್, ಮರ ಇರದು ಕಾಡೊಳಗಾ, ಜಮೀನಲ್ಲಾ?"

"ಕಾಡೊಳಗೇ ಕಣಮ್ಮ."

"ಅಂಗಾದ್ರೆ ಹುಲಿ ತಿಂದ್ರೂ ಫಾರೆಸ್ಟ್‌ನೋರು ಪರಿಹಾರ ಕೊಡಲ್ಲ ಬುಡಿ ಸಾರ್."

ಈರುಳ್ಳಿ ಮಂಡಿಯವರ ಮಗ ನದೀಮ್ ದನಿಗೂಡಿಸಿದ: "ಇವನ ಮೇಲೇ ಕೇಸಾಯ್ತದೆ ಸಾರ್. ಹುಲಿ ಪಾಪ ಅದರ ಜಾಗದಲ್ಲಿ ಕೂತದೆ."

ಇಡೀ ತರಗತಿ ಪಂಚಾಯ್ತಿಗೆ ಕೂತಿತು. ತೀರ್ಮಾನ ಇಷ್ಟು: ಅವನು ಹೇಗಾದರೂ ಇಳಿದು ಓಡಿ, ಆನೆ ತಡೆಯಲು ಕಾಡಂಚಿನಲ್ಲಿ ತೋಡಿರುವ ಟ್ರೆಂಚ್ ದಾಟಿ, ಯಾರದಾದರೂ ಜಮೀನಿಗೆ ಬಿದ್ದುಬಿಡಬೇಕು.

"ಆಗ ಜೀವ ಉಳಿಯುತ್ತಾ?" ಎಂದೆ, ಆಸೆಯಿಂದ.

"ಅದು ಗೊತ್ತಿಲ್ಲ ಸಾರ್. ತಪ್ಪು ಹುಲೀದಾಯ್ತದೆ," ಎಂದಳು ಮಂಜುಳಾ.

ಬೆಲ್ ಹೊಡೆಯಿತು. ಕತೆಯ ಕೊನೆ ಏನೆಂದು ಒಬ್ಬರೂ ಕೇಳಲಿಲ್ಲ. 'ಮಹತ್ವಾಕಾಂಕ್ಷೆ, ಭಯ, ಉಳಿವು' ಎಂದು ಬೋರ್ಡಿನ ಮೇಲೆ ಬರೆದದ್ದನ್ನು ನಾನೇ ಒರೆಸಿದೆ.

ಸ್ಟಾಫ್ ರೂಮಿನಲ್ಲಿ ಗೋಳು ತೋಡಿಕೊಂಡರೆ ಹೆಡ್‌ಮಾಸ್ಟರು ಹೊಟ್ಟೆ ಹಿಡಿದು ನಕ್ಕರು. ನಕ್ಕು ಮುಗಿದ ಮೇಲೆ ಮೆಲ್ಲಗೆ ಕೇಳಿದರು: "ಅದಿರ್ಲಿ ಮೇಷ್ಟ್ರೇ, ಟ್ರೆಂಚ್ ಎಷ್ಟು ದೂರ ಇತ್ತು?"

ಕತೆಗಾರ ಅದನ್ನು ಬರೆದೇ ಇಲ್ಲ. ನಮ್ಮ ಗುಂಡ್ಲುಪೇಟೆ ಕಡೆಯವನಲ್ಲ, ಪಾಪ.