ಮಾಳವ್ವನನ್ನು ಯಾರೂ ಕೇಳಲಿಲ್ಲ

ಕಾಸಾರಶಿರಸಿಯ ಮಾಳವ್ವನ ಹೊಟ್ಟೆ ಉಬ್ಬತೊಡಗಿ ವರ್ಷವಾಗುತ್ತ ಬಂದಿತ್ತು. ಎರಡು ತುತ್ತು ಉಂಡರೆ ಸಾಕೆನಿಸುತ್ತಿತ್ತು. ಮುಟ್ಟು ನಿಂತ ಮೇಲೆ ಹೀಗೇ ಆಗುತ್ತದೆ ಎಂದರು ಓಣಿಯ ಹೆಂಗಸರು. ಗ್ಯಾಸಿನ ಗುಳಿಗೆ ನುಂಗುತ್ತಲೇ ಆಕೆ ಗಂಡ ಬಕ್ಕಪ್ಪನ ಜೊತೆ ಕುರಿಗಳ ಹಿಂದೆ ಅಡ್ಡಾಡಿದಳು. ಉದಗೀರದಲ್ಲಿ ಸ್ಕ್ಯಾನ್ ಮಾಡಿಸುವ ಹೊತ್ತಿಗೆ ಅಂಡಾಶಯದ ಕ್ಯಾನ್ಸರ್ ಹೊಟ್ಟೆಯೊಳಗೆಲ್ಲ ಹಬ್ಬಿತ್ತು.

ಲಾತೂರಿನಲ್ಲಿ ಆಪರೇಷನ್ ಆಯಿತು, ಕಿಮೋ ಆಯಿತು. ಕೂದಲು ಉದುರಿದಾಗ ಆಕೆ ಅಳಲಿಲ್ಲ. ಬೆರಳಿಗೆ ಹಿಡಿದ ಜೋಮು ಬಿಡದೇ ಹೋದಾಗ ಅತ್ತಳು. ರೊಟ್ಟಿ ಬಡಿಯಲು ಕೂತರೆ ಹಿಟ್ಟು ಕೈಗೆ ಗೊತ್ತಾಗುತ್ತಿರಲಿಲ್ಲ, ಬಿಸಿ ಹಂಚು ತಾಗಿದ್ದೂ ತಿಳಿಯುತ್ತಿರಲಿಲ್ಲ. ಮಗನ ಹೆಂಡತಿ ಸೀಮಾ ಅಡಿಗೆ ವಹಿಸಿಕೊಂಡಳು. ಮಾಳವ್ವ ಮತ್ತೆ ಕುರಿಗಳ ಜೊತೆ ಹೊರಟಳು. ಆ ಚಳಿಗಾಲವೆಲ್ಲ ಔರಾದಿನ ಹೊಲಗಳಲ್ಲಿ ಎಳೆ ಮರಿಗಳನ್ನು ಮಡಿಲಲ್ಲಿಟ್ಟುಕೊಂಡು ಸುಖವಾಗಿದ್ದಳು.

ಬೇಸಿಗೆಗೆ ರೋಗ ಮರಳಿತು. ಡಾಕ್ಟರು ಬಕ್ಕಪ್ಪನನ್ನು ಒಳಗೆ ಕರೆದು ಮರಾಠಿಯಲ್ಲಿ ಬಿಡಿಸಿ ಹೇಳಿದರು. ಇನ್ನಿದು ಪೂರ್ತಿ ಗುಣವಾಗುವುದಿಲ್ಲ. ಮತ್ತೆ ಕಿಮೋ ಕೊಟ್ಟರೆ ಕೆಲವು ತಿಂಗಳು ಹೆಚ್ಚು ಸಿಗಬಹುದು, ಆದರೆ ಮೈ ಸೋಲುತ್ತದೆ. ಬೇಡವೆಂದರೆ ನೋವಿಗೆ ಔಷಧಿ ಕೊಟ್ಟು, ಹೊಟ್ಟೆಯಲ್ಲಿ ತುಂಬುವ ನೀರನ್ನು ಆಗಾಗ ತೆಗೆಸಿ ಮನೆಯಲ್ಲೇ ನೋಡಿಕೊಳ್ಳಬಹುದು. ಆಕೆಯನ್ನೂ ಕೇಳಿ ಬನ್ನಿ ಎಂದರು. ಕೇಳಿದರೆ ಹೆದರಿಯಾಳೆಂದು ಬಕ್ಕಪ್ಪ ಕೇಳಲಿಲ್ಲ. ಕಿಮೋ ಕೊಡಿರಿ ಎಂದುಬಿಟ್ಟ.

ಹೊರಗೆ ಬೆಂಚಿನ ಮೇಲೆ ಕೂತಿದ್ದ ಮಾಳವ್ವ ಅದೇ ಹೊತ್ತಿಗೆ ಸೀಮಾಳ ಹತ್ತಿರ, ಮತ್ತೆ ಆ ಕಿಮೋ ಸಲಾಯಿನ್ ಬೇಡ, ಕಾಲಲ್ಲಿ ಬಲ ಇರುವತನಕ ಕುರಿಗಳ ಹತ್ತಿರ ಇರುತ್ತೇನೆ ಎಂದಿದ್ದಳು. ಮಾವನ ಎದುರು ಬಾಯಿ ತೆರೆಯಲು ಸೀಮಾಳಿಗೆ ಧೈರ್ಯ ಬರಲಿಲ್ಲ.

ಡಾಕ್ಟರು ಹೇಳಿದಂತೆಯೇ ಆಯಿತು. ಮಾಳವ್ವ ಮಳೆಗಾಲ ದಾಟಿದಳು, ಆದರೆ ಹಾಸಿಗೆಯಲ್ಲಿ. ಕುರಿಗಳನ್ನು ಮೈದುನ ರೇವಣಸಿದ್ಧ ಹೊಡೆದುಕೊಂಡು ಹೋಗಿದ್ದ. ಒಂದು ಮಧ್ಯಾಹ್ನ ಆಸ್ಪತ್ರೆಯಲ್ಲಿ ವಾಂತಿ ನಿಂತು ತುಸು ಸುಧಾರಿಸಿಕೊಂಡಾಗ ಆಕೆ ಗಂಡನಿಗೆ ಅಂದಳು:

"ನೀವ್ ನನಗ ಒಂದ್ ಮಾತ್ ಕೇಳಬೇಕಾಗಿತ್ರೀ."

"ಕೇಳಿದ್ರ ಏನ್ ಅಂತಿದ್ದಿ?"

"ಮನಿಗಿ ಹೋಗಮ ಅಂತಿದ್ನಿ."

ಮರುದಿನವೇ ಬಕ್ಕಪ್ಪ ಕಿಮೋ ನಿಲ್ಲಿಸಿ ಆಕೆಯನ್ನು ಊರಿಗೆ ಕರೆತಂದ. ಅಷ್ಟರಲ್ಲಿ ಎದ್ದು ಕೂಡುವ ಶಕ್ತಿಯೂ ಉಳಿದಿರಲಿಲ್ಲ. ದೀಪಾವಳಿಗೆ ಮುಂಚೆ ತೀರಿಕೊಂಡಳು.

ಮಾತನಾಡಿಸಲು ಬಂದ ಬೀಗರ ಮುಂದೆಲ್ಲ ಬಕ್ಕಪ್ಪ, ಇಲಾಜಿಗೆ, ಔಷಧಿಗೆ ಏನೂ ಕಡಿಮೆ ಮಾಡಲಿಲ್ಲ ಎಂದು ಹೇಳಿದ. ಎಲ್ಲರೂ ಹೋದ ಮೇಲೆ ಸೊಸೆಗೆ ಮಾತ್ರ, "ಆಕಿ ಮನಸ್ಸಿನಾಗಿಂದು ಯಾರರ ಮೊದಲೇ ಹೇಳಿದ್ರ, ನಾ ಕೇಳ್ತಿದ್ನವ್ವಾ" ಎಂದ.

ಸೀಮಾ ಸೆರಗು ಎಳೆದುಕೊಂಡು ಒಳಗೆ ಹೋದಳು. ಆಸ್ಪತ್ರೆಯ ಬೆಂಚಿನ ಮೇಲೆ ಅತ್ತೆ ಹೇಳಿದ್ದನ್ನು ಇಂದಿಗೂ ಆಕೆ ಮಾವನಿಗೆ ಹೇಳಿಲ್ಲ.